ಪಶ್ಚಾತ್ತಾಪದ ಸ್ಥಿರತೆ

ಮಂಗಳೂರಿನ ಪಶ್ಚಾತ್ತಾಪ ಮಾಪನ ಕೇಂದ್ರದ ಪ್ರಶ್ನಾವಳಿಯಲ್ಲಿ ದೋಷವಿರಲಿಲ್ಲ. ದೋಷ ಇದ್ದದ್ದು ಜನರಲ್ಲಿ. ಒಮ್ಮೆ ಉತ್ತರಿಸಿದವರು ಹದಿನೈದು ದಿನ ಬಿಟ್ಟು ಮತ್ತೆ ಉತ್ತರಿಸಿದಾಗ ಅಂಕ ಅಷ್ಟೇ ಬರಬೇಕು. ಬಂದರೆ ಪ್ರಶ್ನಾವಳಿ ನಂಬಲರ್ಹ, ಸಂಶೋಧನಾ ಸಹಾಯಕಿ ಶರೊನ್‌ಳ ಕೆಲಸ ಕಾಯಂ.

ಬರಲಿಲ್ಲ. ಹೆಚ್ಚುಕಡಿಮೆ ಎಲ್ಲರ ಅಂಕವೂ ನೆಲ ಕಚ್ಚಿತು. ಜೆಪ್ಪು ಕಡೆಯವರು ನಡುವೆ ಇಗರ್ಜಿಗೆ ಹೋಗಿ ಪಾಪನಿವೇದನೆ ಮಾಡಿ ಬಂದಿದ್ದರು.

"ಅತ್ತೆಗೆ ಎದುರುತ್ತರ ಕೊಟ್ಟಿದ್ದೀರಾ ಅಂತ ನೀವೇ ಕೇಳಿದ್ದಲ್ವಾ?" ಎಂದಳು ತೊಕ್ಕೊಟ್ಟಿನ ಕುಶಲಾ. "ನೆನಪಾಯ್ತು. ದೈವಕ್ಕೆ ತಪ್ಪುಕಾಣಿಕೆ ಹಾಕಿದೆ. ಈಗ ಆರಾಮ ಉಂಟು."

"ಅಳತೆ ಮುಗಿಯುವ ಮೊದಲೇ ಜನ ಆರಾಮ ಆದ್ರೆ ವಿಜ್ಞಾನ ಎಂತ ಮಾಡುದು ಮಾರಾಯ್ರೆ?" ಎಂದರು ನಿರ್ದೇಶಕ ಮುಖೇಶ್.

ಎರಡನೇ ಸುತ್ತಿಗೆ ಸುತ್ತೋಲೆ ಹೊರಟಿತು: 'ಎರಡು ಪರೀಕ್ಷೆಗಳ ನಡುವೆ ಪಾಪನಿವೇದನೆ, ತಪ್ಪುಕಾಣಿಕೆ, ಕ್ಷಮೆಯಾಚನೆಗಳನ್ನು ನಿಷೇಧಿಸಲಾಗಿದೆ. ಪಶ್ಚಾತ್ತಾಪವನ್ನು ಇದ್ದ ಸ್ಥಿತಿಯಲ್ಲೇ ಕಾಪಾಡಿಕೊಂಡು ಬರತಕ್ಕದ್ದು.'

ನಿವೃತ್ತ ನರ್ಸ್ ನೆಲ್ಲಿ ಆಂಟಿ ಅನುಮತಿ ಕೇಳಲು ಶರೊನ್‌ಳ ಬಳಿ ಬಂದರು. ಹುಡುಗಿಯರನ್ನೆಲ್ಲ ಅವರು ಕೊಂಕಣಿಯಲ್ಲಿ 'ಬಾಯ್' ಎಂದೇ ಕರೆಯುತ್ತಿದ್ದರು. "ನಾದಿನಿಗೆ ಬಾಯಿಗೆ ಬಂದದ್ದು ಹೇಳಿದ್ದೇನೆ ಬಾಯ್. ಅವಳು ಭಾನುವಾರ ದೋಹಾಕ್ಕೆ ಹೋಗ್ತಾಳೆ. ಒಂದು ಮಾತು ಸಾರಿ ಹೇಳ್ಲಿಕ್ಕೆ ಉಂಟು."

"ಸೋಮವಾರ ಪರೀಕ್ಷೆ ಆಂಟಿ. ಅದು ಮುಗಿದ ಮತ್ತೆ ಹೇಳಿ."

"ಫೋನಿನಲ್ಲಾದ್ರೂ?"

"ಫೋನಿನಲ್ಲೂ ಮಂಗಳವಾರ."

ಸೋಮವಾರ ನೆಲ್ಲಿ ಆಂಟಿಯ ಅಂಕ ಇಮ್ಮಡಿಯಾಗಿತ್ತು. ಉಳಿದವರದ್ದೂ ಏರಿತ್ತು. ಎರಡೂ ಸುತ್ತಿನಲ್ಲಿ ಅಲುಗಾಡದೆ ಉಳಿದದ್ದು, ಪರೀಕ್ಷೆಗೆ ಕುಳಿತಿದ್ದ ಗುತ್ತಿಗೆದಾರರ ಗುಂಪು ಮಾತ್ರ. ಉದ್ಘಾಟನೆಗೆ ಮೊದಲೇ ಕುಸಿದ ಚರಂಡಿ ಸ್ಲ್ಯಾಬನ್ನು ಕಟ್ಟಿದ್ದ ಲ್ಯಾನ್ಸಿಯವರದು ಪ್ರತಿ ಸಲವೂ ಸೊನ್ನೆ.

"ಸ್ಲ್ಯಾಬಿನ ಬಗ್ಗೆ ಎಂತದೂ ಅನಿಸುದಿಲ್ವಾ ಸರ್?" ಶರೊನ್ ಕೇಳಿದಳು.

"ಅನಿಸ್ತದೆ. ಮಳೆ ಸ್ವಲ್ಪ ಜಾಸ್ತಿ ಅಂತ."

ಮುಖೇಶರಿಗೆ ದಾರಿ ಕಂಡಿತು. ಅಸ್ಥಿರರನ್ನು ಕೈಬಿಟ್ಟು, ಗುತ್ತಿಗೆದಾರರ ಮೇಲೆಯೇ ಪ್ರಶ್ನಾವಳಿಯನ್ನು ಪ್ರಮಾಣೀಕರಿಸಲಾಯಿತು. ಸೊನ್ನೆ ಸಹಜವೆಂದೂ ಅದಕ್ಕಿಂತ ಮೇಲಿನದು ವ್ಯಾಧಿಯೆಂದೂ ಘೋಷಣೆಯಾಯಿತು. ವ್ಯಾಧಿಗ್ರಸ್ತರಿಗೆ ಉಚಿತ ತರಬೇತಿ ಕೊಡಲು ಲ್ಯಾನ್ಸಿ ದೊಡ್ಡ ಮನಸ್ಸಿನಿಂದ ಒಪ್ಪಿದರು.

ಕಾಯಂ ಆಗುವ ಸಿಬ್ಬಂದಿಯೂ ಸಹಜರಿರಬೇಕೆಂಬ ನಿಯಮದಂತೆ ಶರೊನ್ ಪರೀಕ್ಷೆಗೆ ಕುಳಿತಳು. 'ನನ್ನ ಅನುಕೂಲಕ್ಕಾಗಿ ಇನ್ನೊಬ್ಬರ ಮನಸ್ಸು ನೋಯಿಸಿದ್ದೇನೆ' ಎಂಬಲ್ಲಿ ಪೆನ್ನು ತುಸು ಹೊತ್ತು ನಿಂತಿತು. ಆಮೇಲೆ 'ಇಲ್ಲ' ಎಂದು ಗುರುತು ಹಾಕಿತು. ಹದಿನೈದು ದಿನ ಬಿಟ್ಟು ಕುಳಿತಾಗ ನಿಲ್ಲಲಿಲ್ಲ.

ಕಾಯಂ ಆದೇಶ ಬಂದ ದಿನ ಮೊದಲು ಅಭಿನಂದಿಸಿದವರು, ತರಬೇತಿ ಮುಗಿಸಿ ಹೊರಟಿದ್ದ ನೆಲ್ಲಿ ಆಂಟಿ.

"ನಾದಿನಿಗೆ ಫೋನ್ ಮಾಡಿದ್ರಾ?" ಶರೊನ್ ಕೇಳಿದಳು.

"ಯಾಕೆ ಬಾಯ್?" ಎಂದರು ಅವರು.