ಇಪ್ಪತ್ನಾಲ್ಕು ಗಂಟೆಯ ಕ್ಯಾನು

ಗಡಿಯಾರ ರಿಪೇರಿಯವನ ಕೈ ನಡುಗುವುದೂ ಒಂದೇ, ಅಡುಗೆಯವನ ನಾಲಗೆ ಕೆಡುವುದೂ ಒಂದೇ. ಅಂಗಡಿಯವರೆಲ್ಲ 'ಚಿಮಟ' ಎಂದು ಕರೆಯುವ ನಮ್ಮ ರಿಪೇರಿಗಾರನ ಕೈ ಒಂದು ತಿಂಗಳಿಂದ ನಡುಗುತ್ತಿತ್ತು. ಕಾರಣವಿಲ್ಲದೆ ಎದೆ ಡವಡವ ಅನ್ನುತ್ತಿತ್ತು. "ಶನಿವಾರದೊಳಗೆ ಏನೂ ಇಲ್ಲ ಅಂತ ಡಾಕ್ಟರ ಕಾಗದ ತಾ. ಇಲ್ಲಾಂದ್ರೆ ರಿಪೇರಿ ಮೇಜು ಬೇರೆಯವನಿಗೆ. ನೀನು ಹೊರಗಡೆ ಸ್ಟೂಲಲ್ಲಿ ಕೂತು ವಾಚಿನ ಪಟ್ಟಿ ಮಾರು," ಎಂದುಬಿಟ್ಟರು ಯಜಮಾನರು. ಇಪ್ಪತ್ತೆರಡು ವರ್ಷ ಆ ಮೇಜಿಗೆ ಬೆನ್ನು ಬಗ್ಗಿಸಿದವನಿಗೆ ಅನ್ನ ಇಳಿಯಲಿಲ್ಲ.

ಡಾಕ್ಟರಮ್ಮ ಬಿಡಿಸಿ ಹೇಳಿದರು. "ಮೂತ್ರಪಿಂಡಗಳ ನೆತ್ತಿ ಮೇಲೆ ಟೋಪಿ ಇಟ್ಟ ಹಾಗೆ ಒಂದೊಂದು ಗ್ರಂಥಿ ಇದೆ. ನಾಯಿ ಅಟ್ಟಿಸ್ಕೊಂಡು ಬಂತು ಅನ್ನಿ, ಅದು ಅಡ್ರಿನಲಿನ್ ಅನ್ನೋ ಹಾರ್ಮೋನನ್ನ ರಕ್ತಕ್ಕೆ ಬಿಡುತ್ತೆ. ಎದೆ ಹೊಡ್ಕೊಳ್ಳುತ್ತೆ, ಕೈ ನಡುಗುತ್ತೆ, ಓಡೋಕೆ ಶಕ್ತಿ ಬರುತ್ತೆ. ನಾಯಿ ಹೋದ್ಮೇಲೆ ಗ್ರಂಥಿ ಸುಮ್ಮನಾಗಬೇಕು. ನಿಮ್ಮದು ನಾಯಿ ಇಲ್ಲದೇನೇ ಸುರೀತಿದೆಯಾ ಅಂತ ನೋಡಬೇಕು. ಅದರ ಅಂಶ ಮೂತ್ರದಲ್ಲಿ ಹೊರಗೆ ಬರುತ್ತೆ. ಬೆಳಿಗ್ಗೆ ಏಳರಿಂದ ಮರುದಿನ ಏಳರವರೆಗೆ ಹೋದದ್ದಷ್ಟನ್ನೂ ಈ ಕ್ಯಾನಲ್ಲಿ ಹಿಡೀರಿ. ಸ್ವಲ್ಪ ಚೆಲ್ಲಿದ್ರೂ ಲೆಕ್ಕ ತಪ್ಪುತ್ತೆ. ಕೆಡದೇ ಇರಲಿ ಅಂತ ಒಳಗೆ ಆಸಿಡ್ ಹಾಕಿದೆ, ಹುಷಾರು."

ಮರುದಿನ ಬೆಳಿಗ್ಗೆ ಕ್ಯಾನನ್ನು ಎದೆಗವಚಿಕೊಂಡು ಮೆಟ್ಟಿಲಿಳಿದರೆ, ಕೆಳಮನೆಯ ದೊಡ್ಡಮ್ಮ ಅಡ್ಡ ನಿಂತಿದ್ದರು.

"ಏನಪ್ಪಾ ಅದು, ಹಸುಗೂಸಿನ ಹಾಗೆ ಹಿಡ್ಕೊಂಡಿದ್ದೀಯ?"

ನಾಚಿಕೆ ಅವನ ಬಾಯಲ್ಲಿ ಸುಳ್ಳು ನುಡಿಸಿತು. "ಕೈ ನಡುಕಕ್ಕೆ ಔಷಧಿ, ದೊಡ್ಡಮ್ಮ."

"ಹಾಗಾದ್ರೆ ನನ್ನ ಮಂಡಿಗೂ ಆಗುತ್ತೆ. ತಡಿ, ಬಟ್ಟಲು ತರ್ತೀನಿ. ಬೇಡ, ಅಂಗೈಗೇ ಸುರಿ!" ಎನ್ನುತ್ತ ಅವರು ಮುಚ್ಚಳಕ್ಕೇ ಕೈ ಹಾಕಿದರು. ಆಸಿಡ್ ಬಿದ್ದರೆ ದೊಡ್ಡಮ್ಮನ ಚರ್ಮ ಹೋಗುತ್ತದೆ, ಚೆಲ್ಲಿದರೆ ತನ್ನ ಕೆಲಸ ಹೋಗುತ್ತದೆ! ಚಿಮಟ ಕ್ಯಾನು ಕಿತ್ತುಕೊಂಡು ಬಿದ್ದೆನೋ ಎದ್ದೆನೋ ಅಂತ ಓಡಿದ. "ಜಿಪುಣ ಮುಂಡೇದು!" ಎಂಬ ಆಶೀರ್ವಾದ ಬೀದಿ ತಿರುವಿನವರೆಗೂ ಕೇಳಿಸಿತು.

ಅಂಗಡಿಯಲ್ಲಿ ಕ್ಯಾನನ್ನು ಮೇಜಿನ ಕೆಳಗೆ ತಳ್ಳಿ ಕೂತ. ಪಾಪ, ಒಂದನ್ನು ಮರೆತಿದ್ದ. ಗಡಿಯಾರದ ಬಿಡಿಭಾಗ ತೊಳೆಯುವ ದ್ರಾವಣವೂ ಅಲ್ಲಿ ಅಂಥದೇ ಬಿಳಿ ಕ್ಯಾನುಗಳಲ್ಲಿ ಬರುತ್ತಿತ್ತು. ಒಂದು ಮುಗಿದರೆ ಯಾರ ಮೇಜಿನ ಕೆಳಗಿಂದಲಾದರೂ ಇನ್ನೊಂದನ್ನು ಎಳೆದುಕೊಳ್ಳುವುದು ಅಲ್ಲಿಯ ರೂಢಿ. ಗಿರಾಕಿಯೊಬ್ಬರನ್ನು ಮಾತಾಡಿಸಿ ಬರುವಷ್ಟರಲ್ಲಿ, ಭಾಗ ತೊಳೆಯುವ ಅಕ್ಕ ಅವನ ಕ್ಯಾನನ್ನು ತಟ್ಟೆಯ ಪಕ್ಕಕ್ಕೆಳೆದು ಮುಚ್ಚಳಕ್ಕೆ ಕೈ ಹಾಕುತ್ತಿದ್ದಳು.

"ಅಕ್ಕಾ, ಬೇಡ! ಅದು ನಂದು!"

"ಅಂಗಡಿ ಕ್ಯಾನು ನಿಂದು ಹೇಗಾಗುತ್ತೋ?"

ಅವಳು ಅತ್ತ ಎಳೆದಳು, ಇವನು ಇತ್ತ ಎಳೆದ. ಒಳಗಿನದು ಗುಳುಗುಳು ಅಂದಾಗಲೆಲ್ಲ ಇವನ ಜೀವ ಬಾಯಿಗೆ ಬರುತ್ತಿತ್ತು. ಗಲಾಟೆಗೆ ಯಜಮಾನರೇ ಬಂದರು. "ಓಹೋ, ಅಂಗಡಿ ಮಾಲನ್ನ ಮನೆಗೆ ಸಾಗಿಸ್ತಿದ್ದೀಯಾ?" ಎಂದು ಕ್ಯಾನು ಕಸಿದು, ಮುಚ್ಚಳ ತಿರುಗಿಸಿ, ಮೂಗು ಒಡ್ಡಿದರು.

ಒಡ್ಡಿದ ಮೂಗನ್ನು ತಟ್ಟನೆ ಹಿಂದಕ್ಕೆಳೆದುಕೊಂಡು ಮುಚ್ಚಳ ಬಿಗಿದರು. ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಯಜಮಾನರು ಕ್ಯಾನನ್ನು ಎರಡು ಬೆರಳಲ್ಲಿ ಹಿಡಿದು ವಾಪಸು ಕೊಟ್ಟರು. ಚಿಮಟನ ಮಾನ ಮೂರು ಕಾಸಿಗೆ ಹರಾಜಾಯಿತು, ಆದರೆ ಒಂದು ಹನಿಯೂ ಚೆಲ್ಲಿರಲಿಲ್ಲ. ಸಂಜೆಯವರೆಗೂ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಕೆಲಸ ಮಾಡಿದ.

ಶನಿವಾರ ಡಾಕ್ಟರಮ್ಮ ವರದಿ ನೋಡಿ ಹುಬ್ಬೇರಿಸಿದರು. "ಮೂರು ಪಟ್ಟು ಜಾಸ್ತಿ ಇದೆ!"

ಚಿಮಟ ಕುರ್ಚಿಯ ತುದಿಗೆ ಜರುಗಿದ. "ಗ್ರಂಥಿ ಕೆಟ್ಟಿದೆಯಾ ತಾಯಿ?"

"ಇರಿ. ಅವತ್ತು ದಿನವಿಡೀ ನೆಮ್ಮದಿಯಾಗಿದ್ರಿ ತಾನೆ?"

ಅವನು ಎಲ್ಲವನ್ನೂ ಹೇಳಿದ. ಡಾಕ್ಟರಮ್ಮ ಕಣ್ಣೀರು ಬರುವಷ್ಟು ನಕ್ಕು, ವರದಿಗೆ ಅಡ್ಡಗೆರೆ ಎಳೆದರು. "ಇದನ್ನ ನಂಬೋ ಹಾಗಿಲ್ಲ. ಗ್ರಂಥಿ ತಾನಾಗೇ ಸುರಿದಿದ್ದೋ, ಕ್ಯಾನು ಕಾಯೋ ಭಯಕ್ಕೆ ಸುರಿದಿದ್ದೋ ಯಾರಿಗೆ ಗೊತ್ತು? ಮತ್ತೆ ಹಿಡೀರಿ. ಖಾತ್ರಿಯಾಗ್ಲಿ, ಈ ಸಲ ಎರಡು ದಿನ. ಮುಖ್ಯವಾಗಿ, ಒಂಚೂರೂ ಗಾಬರಿ ಮಾಡ್ಕೋಬೇಡಿ."

ಚಿಮಟ ಕೈಗೊಂದು ಕ್ಯಾನು ಹಿಡಿದು, ಪಟ್ಟಿ ಮಾರುವ ಸ್ಟೂಲಿನ ಕಡೆಗೆ ಹೊರಟ.