ಮಹಡಿ ಮೇಲಿನ ಸರ್ವರ್

ಎಲ್ಲ ರಾದ್ಧಾಂತಕ್ಕೂ ಮೂಲ ಒಂದು ಒದ್ದೆ ಸೀರೆ. ಬಿಟಿಎಂ ಲೇಔಟಿನ ಬದರಿನಾಥರ ಮನೆಯ ಹಿಂದಿನ ಪೋರ್ಷನ್ನಿನಲ್ಲಿದ್ದ ನಾಗಲಕ್ಷ್ಮಮ್ಮನವರಿಗೆ ಆ ಶನಿವಾರ ಬಟ್ಟೆ ತಂತಿಯಲ್ಲಿ ಜಾಗ ಸಾಲಲಿಲ್ಲ. ತಾರಸಿಯಲ್ಲಿ ಆಕಾಶಕ್ಕೆ ಬಾಯಿ ತೆರೆದು ನಿಂತಿದ್ದ ಡಿಶ್ಶಿನ ಮೇಲೆ ಸೀರೆ ಹೊದಿಸಿ, ಕ್ಲಿಪ್ಪು ಸಿಕ್ಕಿಸಿ ಇಳಿದು ಹೋದರು.

ಡಿಶ್ಶು ತಾರಸಿಯ ಒಂಟಿ ರೂಮಿನ ಸಿದ್ದಾರೂಢನದು. ಗದಗದ ಕಡೆಯವನು. ಬಾಡಿಗೆಗೆ ಬಂದು ಆರೇಳು ತಿಂಗಳಾಗಿದ್ದರೂ ಮನೆಯವರು ಅವನೊಡನೆ ಆಡಿದ್ದು ಎರಡೇ ಮಾತು: 'ಗೇಟ್ ಹಾಕ್ಕೊಂಡ್ ಹೋಗಿ', 'ಮೋಟರ್ ಆಫ್ ಮಾಡಿ'. 2005ರಲ್ಲಿ ಆ ಬೀದಿಗೆ ಇಂಟರ್ನೆಟ್ಟಿನ ತಂತಿ ಇನ್ನೂ ಬಂದಿರಲಿಲ್ಲ. ಹೀಗಾಗಿ ಅವನು ಉಪಗ್ರಹದಿಂದಲೇ ಇಂಟರ್ನೆಟ್ ಇಳಿಸಿಕೊಂಡಿದ್ದ. ನೆಲದ ಮೇಲಿನವರು ಮಾತಾಡಿಸದಿದ್ದರೆ ಮನುಷ್ಯ ಮೇಲೆ ನೋಡದೆ ಇನ್ನೇನು ಮಾಡಿಯಾನು?

ಅವತ್ತು ನಾಲ್ಕು ಗಂಟೆಗೆ ಹುಬ್ಬಳ್ಳಿಯ ಸೈಬರ್ ಕೆಫೆಯೊಂದರಲ್ಲಿ ಮಧುಮತಿ ಎಂಬ ಹುಡುಗಿ, ತಂದೆ ತಿಪ್ಪಣ್ಣನವರ ಜೊತೆ ಕೂತು, ಸಿದ್ದಾರೂಢ ಮಾಡಿಟ್ಟಿದ್ದ ಪುಟವನ್ನು ನೋಡುವುದಿತ್ತು. ಅದರಲ್ಲಿ ಅವನ ಫೋಟೊ, ರೂಮಿನ ಫೋಟೊ, ಕಿಟಕಿಯಿಂದ ಕಾಣುವ ತೆಂಗಿನ ಮರದ ಅರ್ಧ ಫೋಟೊ. ನೋಡಿ ಹೂಂ ಅಂದರೆ ಮದುವೆ ನಿಶ್ಚಯ. ಈ ರೂಮಿಗೆ ಎರಡನೆಯ ಲೋಟ ಬರುತ್ತದೆ. ಕೇಳಿದವರಿಗೆ ಕೇಳಿದ ಪುಟವನ್ನು ತಂದು ಬಡಿಸಲು ಮೇಜಿನ ಕೆಳಗೆ ಅವನದೇ ಒಂದು ಕಂಪ್ಯೂಟರು ಇತ್ತು. ಅದೇ ಸರ್ವರ್.

ಮಧ್ಯಾಹ್ನವಾದರೂ ಸರ್ವರ್ ತೆಪ್ಪಗೇ ಇತ್ತು. ಸಿದ್ದಾರೂಢ ಡಿಶ್ ಕಂಪನಿಗೆ ಫೋನು ಹಚ್ಚಿದ. 'ಕನ್ನಡಕ್ಕಾಗೀಈ… ಮೂರನ್ನು ಒತ್ತೀಈ…' ಎಂದು ಯಂತ್ರದ ಹೆಂಗಸು ಹರಿಕತೆಯ ಧಾಟಿಯಲ್ಲಿ ಹಾಡಿ, ಬೇಸರ ಬರುವಷ್ಟು ಪಿಟೀಲು ಕೇಳಿಸಿ, ಕೊನೆಗೆ ವಿಭಾ ಎಂಬ ಜೀವಂತ ಹುಡುಗಿಗೆ ಅವನನ್ನು ಒಪ್ಪಿಸಿತು.

"ಮೇಡಂ, ಮುಂಜಾನಿಂದ ನನ್ನ ಸರ್ವರ್ ಮಾತಽ ಆಡವಲ್ದು! ಉಸುರಿಲ್ಲ!" ಮೊಬೈಲಿಗೆ ಸಿಗ್ನಲ್ ಸಿಗಲೆಂದು ಬಾಗಿಲಿಗೆ ಬಂದು ಕೂಗಿದ. "ಹ್ಯಾಂಗ್ ಆಗೇತ್ರಿ. ಹ್ಯಾಂಗ ಹ್ಯಾಂಗ್ ಆತೋ ನನಗೂ ಗೊತ್ತಿಲ್ಲ! ಹೌದ್ರಿ, ಮನ್ಯಾಗಽ ಇಟಗೊಂಡೀನಿ. ಮೈ ಸುಡಾಕತ್ತಿತ್ತು, ಈಗ ತಣ್ಣಗಾಗೇತಿ!"

ಸಂಡಿಗೆ ತೆಗೆಯಲು ಮೆಟ್ಟಿಲು ಹತ್ತುತ್ತಿದ್ದ ಓನರ್ ಹೆಂಡತಿ ಸೀತಾಲಕ್ಷ್ಮಿ ಅಲ್ಲಿಂದಲೇ ವಾಪಸ್ ಇಳಿದರು.

"ರೀ, ಮೇಲಿನ ಹುಡುಗ ರೂಮಲ್ಲಿ ಹೋಟೆಲ್ ಸರ್ವರ್‌ನ ಇಟ್ಕೊಂಡಿದಾನೆ! ಅವನು ಹ್ಯಾಂಗ್ ಆಗೋಗಿದಾನಂತೆ, ಉಸಿರೇ ಇಲ್ವಂತೆ!"

ಬದರಿನಾಥರು ರಿಟೈರ್ಡ್ ಕನ್ನಡ ಮೇಷ್ಟ್ರು. "ಆಗೇತಿ ಅಂದ್ನಾ, ಆಗ್ಯಾನ ಅಂದ್ನಾ? ಆಗೇತಿ ಅಂದ್ರೆ ನಪುಂಸಕಲಿಂಗ ಕಣೆ. ಅದು ಮನುಷ್ಯ ಅಲ್ಲ."

"ಲಿಂಗ ಕಟ್ಕೊಂಡು ಏನ್ಮಾಡ್ತೀರಾ? ನಮ್ಮಮ್ಮ ನಿಮ್ಮನ್ನ 'ಅದು ಎಲ್ಲೋಯ್ತೇ' ಅಂತಿರ್ಲಿಲ್ವಾ?"

ಮೇಷ್ಟ್ರು ಚಪ್ಪಲಿ ಮೆಟ್ಟಿದರು.

ಅಷ್ಟರಲ್ಲಿ ವಿಭಾ ಹೇಳಿದಂತೆ ಸಿದ್ದಾರೂಢ ಡಿಶ್ಶನ್ನು ನೋಡಲು ಹೋದ. ಅದು ಹಸೆಗೆ ಕೂತ ಮದುಮಗಳ ಹಾಗೆ ಸೆರಗು ಹೊದ್ದು ನಿಂತಿತ್ತು. ಸೀರೆ ತೆಗೆದ. ಒಳಗೆ ಬಂದು ನೋಡಿದರೆ ಹಸಿರು ದೀಪ ಹತ್ತಿತ್ತು. ಆದರೂ ಪುಟ ಹೊರಗೆ ಹೋಗಲಿಲ್ಲ.

"ಸಾರ್, ಅದು ಬರಲ್ಲ," ಎಂದಳು ವಿಭಾ. "ನೀವು ಒಳಗಿಂದ ಎಲ್ಲಿಗ್ ಬೇಕಾದ್ರೂ ಹೋಗ್ಬೋದು. ಹೊರಗಿಂದ ನಿಮ್ಮ ಹತ್ರ ಯಾರೂ ಬರಕ್ಕಾಗಲ್ಲ. ನಿಮ್ಮ ಪ್ಲಾನೇ ಹಂಗೆ."

ಅವನ ಬೆಂಗಳೂರಿನ ಬಾಳನ್ನು ಇಷ್ಟು ಚೊಕ್ಕವಾಗಿ ಯಾರೂ ಹೇಳಿರಲಿಲ್ಲ.

"ಯಾರೂ ಬರಾಂಗಿಲ್ಲೇನ್ರಿ?"

"ಯಾರೂ ಬರಲ್ಲ ಸಾರ್."

ಧಡಾರನೆ ಬಾಗಿಲು ತೆರೆಯಿತು. ಮೇಷ್ಟ್ರು, ಸೀತಾಲಕ್ಷ್ಮಿ, ಮೂರ್ಛೆ ಹೋದವನಿಗೆ ಮೂಸಿಸಲು ಹೆಚ್ಚಿದ ಈರುಳ್ಳಿ ಹಿಡಿದ ನಾಗಲಕ್ಷ್ಮಮ್ಮ, ಫಿಟ್ಸ್ ಬಂದಿದ್ದರೆ ಕೈಗೆ ಕೊಡಲು ಬೀಗದ ಕೈ ಗೊಂಚಲು ಹಿಡಿದ ಎದುರುಮನೆ ತಿಮ್ಮರಾಯಪ್ಪ, ಎಲ್ಲರೂ ಒಟ್ಟಿಗೆ ಒಳಗೆ ಬಂದರು.

"ಎಲ್ಲಪ್ಪಾ ಬಾಡಿ?" ಎಂದರು ತಿಮ್ಮರಾಯಪ್ಪ.

"ಬಾಡಿ ಮೇಜಿನ ಕೆಳಗೈತ್ರಿ. ಒಳಗಿಂದೆಲ್ಲ ಬಿಚ್ಚೀನಿ."

ನಾಗಲಕ್ಷ್ಮಮ್ಮನವರು ಈರುಳ್ಳಿಯನ್ನು ತಾವೇ ಮೂಸಿಕೊಂಡರು. ತಿಮ್ಮರಾಯಪ್ಪ ಬಗ್ಗಿ ತಡಕಾಡಿ, "ಇದಕ್ಕೆ ಕೈಯೇ ಇಲ್ವಲ್ಲೋ! ಬೀಗದ ಕೈ ಎಲ್ಲಿಡ್ಲಿ?" ಎಂದರು.

ತಗಡಿನ ಡಬ್ಬ ಹೊರಗೆ ಬಂತು. ಸಿದ್ದಾರೂಢ ವಿಷಯ ಬಿಡಿಸಿ ಹೇಳಿದ. "ನಾನ್ ಹೇಳ್ಲಿಲ್ವಾ, ನಪುಂಸಕಲಿಂಗ!" ಎಂದು ಮೇಷ್ಟ್ರು ಗೆದ್ದರು. ರೂಮಿನ ತುಂಬ ನಗು. ಆ ಗೋಡೆಗಳಿಗೆ ಅದು ಹೊಸ ಸದ್ದು. ಸಿದ್ದಾರೂಢನಿಗೆ ಪುಟವೂ ಮರೆತುಹೋಯಿತು. "ಕುಂದರ್ರಿ, ಚಹಾ ಮಾಡ್ತೀನಿ," ಎನ್ನುತ್ತ ಇದ್ದೊಂದು ಲೋಟವನ್ನು ತೊಳೆಯಲು ಓಡಿದ. ತೊಳೆದು ತಿರುಗುವಷ್ಟರಲ್ಲಿ ರೂಮು ಖಾಲಿ. ಮೆಟ್ಟಿಲಿನಲ್ಲಿ ನಗು ಇಳಿದು ಹೋಗುತ್ತಿತ್ತು.

ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಸೀತಾಲಕ್ಷ್ಮಿಯವರ ಕೂಗು: "ಸಿದ್ದಾರೂಢ ಅವ್ರೇ, ಹುಬ್ಬಳ್ಳಿಯಿಂದ ಫೋನು! ನಿಮ್ಮ ಮೊಬೈಲು ಎಂಗೇಜ್ ಅಂತೆ!"

ಲೋಟ ಹಿಡಿದುಕೊಂಡೇ ಇಳಿದ. ಹಾಲ್‌ನಲ್ಲಿ ನಾಲ್ವರೂ ಕಾಫಿ ಕುಡಿಯುತ್ತಿದ್ದರು. ಅವನು ರಿಸೀವರ್ ಎತ್ತಿಕೊಂಡ.

"ಮಾವಾರ, ಪುಟ ತೆರೀಲಿಲ್ಲಂತ ಸಿಟ್ಟಾಗಬ್ಯಾಡ್ರಿ…"

"ಪುಟಕ್ಕ ಬೆಂಕಿ ಹಚ್ಚು," ಎಂದರು ತಿಪ್ಪಣ್ಣ, ಹಾಲ್‌ಗೆಲ್ಲ ಕೇಳುವಷ್ಟು ಜೋರಾಗಿ. "ಫೋನ್ ಎತ್ತಿದ ಅಕ್ಕಾರು ನಕ್ಕೋಂತ ಹೇಳಿದ್ರು, ನಿನ್ನ ಸರ್ವರ್ ಮನಷ್ಯಾನಽ ಅಲ್ಲಂತ, ತಗಡಿನ ಡಬ್ಬಿ ಅಂತ. ಖರೇನು?"

"ಖರೇ ರೀ."

"ನಮ್ಮ ಮಧುಮತಿಗೆ ಚಹಾ ಕಾಸಾಕೂ ಬರೂದಿಲ್ಲೋ ತಮ್ಮಾ! ಹುಡುಗ ಮನ್ಯಾಗಽ ಸರ್ವರ್ ಇಟ್ಟಾನ, ಅಕಿ ಕೈ ತೊಯ್ಯೂದಿಲ್ಲ ಅಂತ ತಿಳದು ಇಲ್ಲೀತನಕ ಬಂದೀವಿ."

ನಾಲ್ಕು ಲೋಟಗಳು ಬಾಯಿಯ ಹತ್ತಿರ ನಿಂತವು. ಸಿದ್ದಾರೂಢ ನಾಚಿಕೆ ಬಿಟ್ಟ. "ನಾನಽ ಅಡಗಿ ಮಾಡ್ತೀನ್ರಿ. ಮೂರೂ ಹೊತ್ತು ಅಕಿ ಕುಂತಲ್ಲೇ ತಂದು ಬಡಸ್ತೀನಿ. ತಾಟೂ ನಾನಽ ಎತ್ತತೀನಿ!"

ಆ ಕಡೆ ತಿಪ್ಪಣ್ಣನವರು ಗಂಟಲು ಸರಿಪಡಿಸಿಕೊಂಡರು.

"ಬ್ಯಾಡ ತಮ್ಮಾ. ನಮ್ಮ ಮನಿತನದಾಗ ಸರ್ವರ್‌ಗೆ ಹೆಣ್ಣು ಕೊಡೂದಿಲ್ಲ."