ಚಂಡಮಾರುತದ ಸುತ್ತುದಾರಿ

ಬೆಳಿಗ್ಗೆ ನಕಾಶೆಯ ಮೇಲೆ ಬಿರುಗಾಳಿ ಹೆಬ್ಬೆರಳ ಉಗುರಿನಷ್ಟಿತ್ತು. ಮಯಾಮಿಯ ವಿಮಾನ ನಿಲ್ದಾಣದಲ್ಲಿ ಕ್ಯಾಪ್ಟನ್ ಎರಿಬೆರ್ತೊ ಕಾಫಿ ಮುಗಿಸುವಷ್ಟರಲ್ಲಿ ಮುಷ್ಟಿಯಷ್ಟಾಗಿ, ಪೋರ್ಟೊರಿಕೊ ದ್ವೀಪದ ಅವನ ಊರು ಸಾನ್ ಹ್ವಾನ್‌ಗೆ ಹೋಗುವ ನೇರ ದಾರಿಯ ಮೇಲೆ ಕಾಲು ಚಾಚಿಕೊಂಡು ಕೂತಿತು.

ಕ್ಯಾಪ್ಟನ್ ಹಲ್ಲು ಕಚ್ಚಿದ. ಇವತ್ತು ಮಗಳು ಯಾರೆಲಿಸ್‌ಗೆ ಹದಿನೈದು ತುಂಬುತ್ತದೆ. ಪೋರ್ಟೊರಿಕೊದಲ್ಲಿ ಆ ದಿನ ಅಪ್ಪನೇ ಮಗಳಿಗೆ ಎತ್ತರದ ಹಿಮ್ಮಡಿಯ ಚಪ್ಪಲಿ ತೊಡಿಸಿ, ಅವಳ ಜೊತೆ ಮೊದಲ ಕುಣಿತ ಕುಣಿಯಬೇಕು. ಶಾಲೆಯ ನಾಟಕ, ಹೋದ ವರ್ಷದ ಹುಟ್ಟುಹಬ್ಬ, ಎಲ್ಲಕ್ಕೂ "ಬಂದೇ ಬರ್ತೀನಿ" ಎಂದು ಕೈಕೊಟ್ಟ ಭೂಪ ಇವನು. ಹಾಗಾಗಿ ಈ ಸಲ ಹೆಂಡತಿ ನಿಲ್ಸಾ ಸೇರಿದಂತೆ ಯಾರಿಗೂ ಮಾತು ಕೊಡದೆ, ಸುಮ್ಮನೆ ಹೋಗಿ ಬಾಗಿಲಲ್ಲಿ ನಿಂತುಬಿಡಬೇಕೆಂದು ನಿರ್ಧರಿಸಿದ್ದ.

ಆದರೆ ಬಿರುಗಾಳಿ ಬರುವ ಊರಲ್ಲಿ ಕಂಪನಿ ರಾತ್ರಿ ವಿಮಾನ ನಿಲ್ಲಿಸುವುದಿಲ್ಲ. ಹೋದ ವಿಮಾನ ಜನರನ್ನು ಇಳಿಸಿ, ಹತ್ತಿಸಿಕೊಂಡು, ಅದೇ ಕಾಲಲ್ಲಿ ಮಯಾಮಿಗೆ ವಾಪಸ್ಸು. ಅದನ್ನು ಓಡಿಸಿಕೊಂಡು ಬರಬೇಕಾದವನೂ ಎರಿಬೆರ್ತೊನೇ. ಸಾನ್ ಹ್ವಾನ್‌ನಲ್ಲಿ ಸಿಕ್ಕಿಬಿದ್ದಿದ್ದ ಗೆಳೆಯ, ಕ್ಯಾಪ್ಟನ್ ಎಫ್ರೈನ್‌ಗೆ ಫೋನ್ ಮಾಡಿದ.

"ವಾಪಸ್ ಟ್ರಿಪ್ ನೀನು ಓಡಿಸ್ತೀಯೇನೋ?"

"ಓಡ್ಸೋದೇನು ಮಾರಾಯ, ತಲೆ ಮೇಲೆ ಹೊತ್ಕೊಂಡು ಹೋಗ್ತೀನಿ! ಇಲ್ಲಿ ಕರೆಂಟಿಲ್ದೆ ಡಬ್ಬಿ ಮಾಂಸ ತಿನ್ಕೊಂಡು ಯಾರು ಕೂತಿರ್ತಾರೆ?"

ಮೇಲಧಿಕಾರಿಯೂ ಒಪ್ಪಿದರು. ಅಷ್ಟರಲ್ಲಿ ಊರಿನಿಂದ ಪಕ್ಕದ ಮನೆಯ ಪ್ರೊವಿ ಅಜ್ಜಿಯ ಫೋನ್ ಬಂತು. "ನನ್ನ ಎಡಮಂಡಿ ಹಿಡ್ಕೊಂಡಿದೆ ಕಣಪ್ಪ. ಉತ್ತರದ ಕಡೆಯಿಂದ ಬರಬೇಡ!"

"ದಕ್ಷಿಣಕ್ಕೇ ಸುತ್ಕೊಂಡು ಬರ್ತೀನಜ್ಜಿ" ಎಂದ. ರಾತ್ರಿ ಊರಲ್ಲೇ ಉಳಿಯುವ ವಿಷಯ ಮಾತ್ರ ಬಾಯಿ ಬಿಡಲಿಲ್ಲ. ಅಜ್ಜಿಗೆ ಹೇಳಿದರೆ ಇಡೀ ಬೀದಿಗೆ ಡಂಗುರ ಸಾರಿದ ಹಾಗೆ.

ಸಹಪೈಲಟ್ ಮಿಗ್ದಾಲಿಯಾ ತಲೆ ಕೆರೆದುಕೊಂಡಳು. "ಸಾರ್, ಅಷ್ಟು ದೂರ ಸುತ್ತಿ, ಇಳಿಯೋಕಾಗ್ದಿದ್ರೆ ಹಿಂದಿರುಗೋಕೂ ಇಂಧನ ಬೇಕು. ತೂಕ ಮೀರುತ್ತೆ."

"ಸರಕು ಇಳಿಸಿ."

"ಎಲ್ಲಾ ಜನರೇಟರ್‌ಗಳು ಸಾರ್. ಊರವರು ಹೊಡೀತಾರೆ."

"ಹೊಡೀಲಿ. ಇಳಿಸಿ!"

ವಿಮಾನ ಹತ್ತುವಾಗ ಪ್ರತಿಯೊಬ್ಬ ಪ್ರಯಾಣಿಕನೂ ತನ್ನ ಫೋನಿನ ನಕಾಶೆಯನ್ನು ಕ್ಯಾಪ್ಟನ್ನನ ಮೂಗಿಗೆ ಹಿಡಿದ. ಒಬ್ಬನ ಭಾವಮೈದುನ ಪಶ್ಚಿಮಕ್ಕೆ ಹೋಗಿ ಎಂದಿದ್ದನಂತೆ. ಎಲ್ಲರಿಗೂ ತಲೆಯಾಡಿಸಿ ಕ್ಯಾಪ್ಟನ್ ತನ್ನ ದಾರಿ ಹಿಡಿದ. ಮದುವೆಮನೆಯಲ್ಲಿ ಮುನಿಸಿಕೊಂಡು ಕೂತ ಬೀಗರನ್ನು ಬಳಸಿಕೊಂಡು ಹೋಗುವಂತೆ ಬಿರುಗಾಳಿಯನ್ನು ಬಳಸಿ, ಕುಲುಕಾಡುತ್ತ ಸಾನ್ ಹ್ವಾನ್‌ನಲ್ಲಿ ವಿಮಾನ ಇಳಿಸಿಯೇ ಇಳಿಸಿದ.

ನಿಲ್ದಾಣದ ಒಳಗಡೆ ಊರು ಬಿಡಲು ಕಾದಿದ್ದ ಜನ ಕಿಕ್ಕಿರಿದಿದ್ದರು. ಸಿಕ್ಕರೆ ಪ್ರಶ್ನೆ ಕೇಳಿಯೇ ಕೊಲ್ಲುತ್ತಾರೆಂದು, ಕುರ್ಚಿಯನ್ನು ಎಫ್ರೈನ್‌ಗೆ ಒಪ್ಪಿಸಿ, ಪಕ್ಕದ ಮೆಟ್ಟಿಲಿಳಿದು ಓಟ ಕಿತ್ತ.

ಮನೆಯ ಕಿಟಕಿಗಳಿಗೆಲ್ಲ ಹಲಗೆ ಹೊಡೆದಿತ್ತು. ಬಾಗಿಲಿಗೆ ಬೀಗ. ಪ್ರೊವಿ ಅಜ್ಜಿ ಸುತ್ತಿಗೆ ಹಿಡಿದುಕೊಂಡು ಹೊರಬಂದು ಬಾಯಿ ತೆರೆದಳು.

"ಅಯ್ಯೋ, ನೀನ್ಯಾಕೆ ಇಲ್ಲಿದ್ದೀಯ?"

"ನಿಲ್ಸಾ ಎಲ್ಲಜ್ಜಿ? ಮಗಳೆಲ್ಲಿ?"

"ನಿನ್ನ ಹೆಂಡ್ತಿ ಜಾಣೆ ಕಣಪ್ಪ. 'ಬಿರುಗಾಳಿ ದಿನ ವಿಮಾನ ಇಲ್ಲಿ ನಿಲ್ಲಲ್ಲ, ನಮ್ಮವರು ವಾಪಸ್ ಹೋಗ್ಲೇಬೇಕು, ಅವರದೇ ವಿಮಾನ ಹತ್ತಿಬಿಡ್ತೀನಿ, ಮಯಾಮೀಲಿ ಅಣ್ಣನ ಮನೇಲೇ ಕುಣಿತ, ಈ ಸಲ ಹೇಗೆ ತಪ್ಪಿಸ್ಕೊತಾರೋ ನೋಡ್ತೀನಿ' ಅಂದ್ಲು. ಕೇಕು, ಲಂಗ ಎಲ್ಲಾ ಕಟ್ಕೊಂಡು ಹೋದ್ರು."

ತಲೆಯ ಮೇಲೆ ವಿಮಾನ ಗುಡುಗಿತು. ಅದು ಕೊನೆಯದು. ದಕ್ಷಿಣಕ್ಕೆ, ಅವನೇ ಹಾಕಿಕೊಟ್ಟ ದಾರಿಯಲ್ಲಿ, ಚೆಂದವಾಗಿ ತಿರುಗಿತು. ಕ್ಯಾಪ್ಟನ್ನನಿಗೆ ಅಳುವೇ ಬಂತು.

"ಅತ್ತಿದ್ದು ಸಾಕು, ಈ ಹಲಗೆ ಹಿಡ್ಕೋ" ಎಂದಳು ಅಜ್ಜಿ.

ಸಂಜೆ ಮೊದಲ ಗಾಳಿ ಬೀಸುವಾಗ ಎಫ್ರೈನ್‌ನ ಸಂದೇಶ ಬಂತು: "ಸುಖವಾಗಿ ಇಳಿದ್ವಿ ಮಾರಾಯ. ಊಟಕ್ಕೆ ನನ್ನನ್ನೂ ಕರೆದಿದ್ದಾರೆ. ನಿನ್ನ ಡ್ಯೂಟಿ ಒಪ್ಕೊಂಡ ಮೇಲೆ ಪೂರ್ತಿ ಒಪ್ಕೋಬೇಕಂತೆ, ಮೊದಲ ಕುಣಿತಾನೂ ನನ್ನದೇ ಅಂತ ನಿಮ್ಮ ಮನೆಯವರು ಹಟ ಹಿಡಿದಿದ್ದಾರೆ. ಯಾರೆಲಿಸ್ ಮಾತ್ರ ಮುಖ ಊದಿಸಿಕೊಂಡಿದ್ದಾಳೆ. ಇಷ್ಟು ವರ್ಷ ಇಲ್ಲದ ರಜೆ ಅಪ್ಪನಿಗೆ ಇವತ್ತೇ ಬೇಕಿತ್ತಾ ಅಂತ ಕೇಳ್ತಿದ್ದಾಳೆ."